ಹದ್ದುಬಸ್ತಾದ ಗಡಿ, ಆಗದ ಗಡಿ: ಚೀನಾ, ಜಪಾನ್ ಕಡೆಗಿನ ರಷ್ಯಾದ ನೀತಿಯನ್ನು ನಕ್ಷೆ ಹಾಕಿ ಓದುವ ಕ್ರಮ

ಕೆ.ಎ.ಎಸ್., ಯು.ಪಿ.ಎಸ್.ಸಿ. ಪರೀಕ್ಷೆಗೆ ಓದುವವರ ನೋಟ್ಸಿನಲ್ಲಿ ಈ ವಿಷಯ ಸಾಮಾನ್ಯವಾಗಿ ಎರಡೇ ಸಾಲಿನಲ್ಲಿ ಮುಗಿದಿರುತ್ತದೆ. ಚೀನಾದ ಜೊತೆ ರಷ್ಯಾಕ್ಕೆ ‘ಮಿತಿಯಿಲ್ಲದ ಸ್ನೇಹ’, ಜಪಾನಿನ ಜೊತೆ ‘ಕುರಿಲ್ ವಿವಾದ’, ಅಂದರೆ ರಷ್ಯಾದ ಸ್ವಾಧೀನದಲ್ಲಿದ್ದು ಜಪಾನ್ ತನ್ನದೆನ್ನುವ ನಾಲ್ಕು ದ್ವೀಪಗಳ ತಕರಾರು. ಎರಡೂ ಸುಳ್ಳಲ್ಲ. ಆದರೆ ಇದೇ ರಷ್ಯಾ 2008ರಲ್ಲಿ ಚೀನಾಕ್ಕೆ ಒಂದೂವರೆ ದ್ವೀಪ ಬಿಟ್ಟುಕೊಟ್ಟಿದ್ದು ಯಾಕೆ, ಜಪಾನಿಗೆ ಇವತ್ತಿನವರೆಗೂ ಒಂದು ಬಂಡೆಯನ್ನೂ ಕೊಡದಿರುವುದು ಯಾಕೆ ಎಂದು ಕೇಳಿದರೆ ಆ ಎರಡು ಸಾಲು ಬಾಯಿ ಬಿಡುವುದಿಲ್ಲ.

ಸ್ನೇಹ, ದ್ವೇಷದ ಮಾತನ್ನು ಪಕ್ಕಕ್ಕಿಟ್ಟು, ಅಡಿಕೆ ತೋಟದ ಗಡಿ ತಕರಾರನ್ನು ನೋಡುವ ಹಾಗೆ ನೋಡಿ. ಕಾಗದದಲ್ಲಿ ಏನಿದೆ? ಮೋಜಣಿ ಆಗಿದೆಯೇ? ಹದ್ದುಬಸ್ತು ಮಾಡಿ ಕಲ್ಲು ನೆಟ್ಟಿದ್ದಾರೆಯೇ? ಸ್ವಾಧೀನ ಯಾರದ್ದು? ಶಿರಸಿ, ಸಿದ್ದಾಪುರದ ಕಡೆಯವರಿಗೆ ಈ ನಾಲ್ಕು ಪ್ರಶ್ನೆಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀನಾ ಬದಿಯ ಗಡಿಗೆ ನಾಲ್ಕಕ್ಕೂ ಉತ್ತರ ಉಂಟು. ಜಪಾನ್ ಬದಿಯಲ್ಲಿ ಸ್ವಾಧೀನ ಬಿಟ್ಟರೆ ಉಳಿದ ಮೂರೂ ಖಾಲಿ. ನಾಲ್ಕೈದು ಜನ ಕೂತರೆ ನಾಲ್ಕು ಸಂಜೆಯಲ್ಲಿ ಇಡೀ ವಿಷಯ ಕೈವಶವಾಗುತ್ತದೆ.

ಮೊದಲ ಸಂಜೆ: ನಕ್ಷೆ

22×28 ಅಂಗುಲದ ಬಿಳಿ ಚಾರ್ಟ್ ಹಾಳೆ ಎರಡು, ಉದ್ದನೆಯ ಸ್ಕೇಲು, ಪೆನ್ಸಿಲ್, ರಬ್ಬರು, ಕೆಂಪು, ನೀಲಿ, ಹಸಿರು ಬಣ್ಣ, ಒಂದು ಶಾಲಾ ಅಟ್ಲಾಸ್ ಬೇಕು. ಮಳೆಗಾಲದಲ್ಲಿ ಕರಾವಳಿಯ ತೇವಕ್ಕೆ ಚಾರ್ಟ್ ಹಾಳೆ ಮೆತ್ತಗಾಗಿ ಸ್ಕೆಚ್ ಪೆನ್ನಿನ ಶಾಯಿ ಹರಡುತ್ತದೆ. ಆಗ ಬಣ್ಣದ ಪೆನ್ಸಿಲ್ಲೇ ವಾಸಿ. ಅಚ್ಚಾದ ನಕ್ಷೆ ಅಂಟಿಸಿದರೆ ಆಗದೇ ಎಂದರೆ, ಆಗುತ್ತದೆ. ಆದರೆ ಕೈಯಲ್ಲಿ ಎಳೆಯದ ಗೆರೆ ತಲೆಯಲ್ಲಿ ನಿಲ್ಲುವುದಿಲ್ಲ.

ಮೊದಲ ಹಾಳೆ ಅಡ್ಡಲಾಗಿರಲಿ. ಎಡದಿಂದ ಬಲಕ್ಕೆ 110ರಿಂದ 160 ಡಿಗ್ರಿ ಪೂರ್ವ ರೇಖಾಂಶ, ಕೆಳಗಿನಿಂದ ಮೇಲಕ್ಕೆ 35ರಿಂದ 60 ಡಿಗ್ರಿ ಉತ್ತರ ಅಕ್ಷಾಂಶ. ಐದು ಡಿಗ್ರಿಗೆ ಒಂದು ಮನೆ: ಅಗಲ 6.6 ಸೆಂ.ಮೀ., ಎತ್ತರ 9.3 ಸೆಂ.ಮೀ. ಅಡ್ಡಕ್ಕೆ ಹತ್ತು ಮನೆ, ಮೇಲಕ್ಕೆ ಐದು ಮನೆ ಬಂದು, ಕೆಳಗೆ ವಿವರ ಬರೆಯಲು ಅಂಗೈ ಅಗಲದ ಜಾಗ ಉಳಿಯುತ್ತದೆ. ಆಗ ಒಂದು ಸೆಂ.ಮೀ.ಗೆ ಸುಮಾರು 60 ಕಿ.ಮೀ. ಈ ಲೆಕ್ಕ ಸರಿ ಹೊಂದುವುದು 45 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ನಮಗೆ ಬೇಕಾದ ಜಾಗದಲ್ಲೇ. ಮೇಲಕ್ಕೆ ಹೋದಂತೆ ಪೂರ್ವ–ಪಶ್ಚಿಮದ ಅಂತರ ಉಬ್ಬುತ್ತದೆ. ಹಾಗಾಗಿ ಕಮ್ಚಾಟ್ಕಾದ ಅಗಲವನ್ನು ಈ ಹಾಳೆಯಲ್ಲಿ ಸ್ಕೇಲು ಹಿಡಿದು ಅಳೆಯಬೇಡಿ.

ಊರುಗಳನ್ನು ಮೊದಲು ಚುಕ್ಕೆಯಾಗಿ ಇಟ್ಟುಕೊಳ್ಳಿ. ತೀರ, ನದಿ ಆಮೇಲೆ. ವ್ಲಾದಿವೊಸ್ತಾಕ್ 43.1 ಉತ್ತರ, 131.9 ಪೂರ್ವ. ಖಬರೋವ್ಸ್ಕ್ 48.5, 135.1. ಬ್ಲಾಗೊವೆಶ್ಚೆನ್ಸ್ಕ್ 50.3, 127.5. ಸಖಾಲಿನ್ ದ್ವೀಪದ ಯೂಜ್ನೊ–ಸಖಾಲಿನ್ಸ್ಕ್ 47, 142.7. ಜಪಾನಿನ ನೆಮುರೊ 43.3, 145.6. ಕಮ್ಚಾಟ್ಕಾದ ಪೆತ್ರೊಪಾವ್ಲೊವ್ಸ್ಕ್ 53, 158.7. ಬೀಜಿಂಗ್ 39.9, 116.4. ಟೋಕಿಯೊ 35.7, 139.7. ಈ ಎಂಟು ಚುಕ್ಕೆ ಸರಿಯಾಗಿ ಕೂತರೆ ಅಮೂರ್, ಉಸ್ಸುರಿ ನದಿಗಳನ್ನು ಅಟ್ಲಾಸ್ ನೋಡಿ ಎಳೆಯುವುದು ಸುಲಭ. ಸಖಾಲಿನ್ ಮೇಲೆ 50 ಡಿಗ್ರಿಯ ಗೆರೆಯನ್ನು ದಪ್ಪ ಮಾಡಿ. 1905ರಿಂದ 1945ರವರೆಗೆ ಅದೇ ಗಡಿಯಾಗಿತ್ತು.

ಎರಡನೇ ಹಾಳೆಯ ಅರ್ಧ ಸಾಕು. ಅದರಲ್ಲಿ ನೆಮುರೊದಿಂದ ಇಟುರುಪ್‌ವರೆಗಿನ ಭಾಗ ಮಾತ್ರ, 1 ಸೆಂ.ಮೀ.ಗೆ 10 ಕಿ.ಮೀ. ಲೆಕ್ಕದಲ್ಲಿ. ಈ ಎರಡನೇ ನಕ್ಷೆ ಬೇಡವೆಂದು ಬಿಡುವವರೇ ಹೆಚ್ಚು, ಎಡವುವುದೂ ಅಲ್ಲೇ. ಜಪಾನಿನ ನೊತ್ಸುಕೆ ಚಾಚಿನಿಂದ ಕುನಾಶಿರ್‌ಗೆ ಇರುವುದು ಸುಮಾರು 16 ಕಿ.ಮೀ.; ಕಾರವಾರದಿಂದ ಅಂಕೋಲಾಕ್ಕೆ ಹೋಗುವ ದಾರಿಯ ಅರ್ಧ. ದೊಡ್ಡ ನಕ್ಷೆಯಲ್ಲಿ ಇದು ಮೂರು ಮಿಲಿಮೀಟರೂ ಇಲ್ಲ. ನೊಸಾಪ್ಪು ಭೂಶಿರದಿಂದ ಹಬೊಮಾಯ್ ಗುಂಪಿನ ಮೊದಲ ಬಂಡೆದ್ವೀಪ ಕೈಗಾರಾ 3.7 ಕಿ.ಮೀ. ಅಷ್ಟೆ. ದೊಡ್ಡ ನಕ್ಷೆಯಲ್ಲಿ ಪೆನ್ಸಿಲಿನ ಮೊನೆ ಅದಕ್ಕಿಂತ ದಪ್ಪ.

ನಾಲ್ಕು ದ್ವೀಪಗಳ ಅಳತೆಯನ್ನು ಪಕ್ಕದಲ್ಲೇ ಬರೆದಿಡಿ. ಇಟುರುಪ್ ಸುಮಾರು 3,170 ಚ.ಕಿ.ಮೀ., ಕುನಾಶಿರ್ 1,490, ಶಿಕೊತಾನ್ 250, ಹಬೊಮಾಯ್ ಗುಂಪು ನೂರಕ್ಕೆ ಸ್ವಲ್ಪ ಕಡಿಮೆ. ಎಲ್ಲ ಸೇರಿ ಸುಮಾರು 5,000. ನಮ್ಮ ಉತ್ತರ ಕನ್ನಡ ಜಿಲ್ಲೆ 10,000ಕ್ಕೆ ಚೂರು ಮೇಲೆ. ಅಂದರೆ ತಕರಾರಿನ ಜಾಗ ನಮ್ಮ ಜಿಲ್ಲೆಯ ಅರ್ಧದಷ್ಟು, ಅಲ್ಲಿನ ಜನಸಂಖ್ಯೆ ಇಪ್ಪತ್ತು ಸಾವಿರದೊಳಗೆ. ‘ಸಣ್ಣ ದ್ವೀಪಗಳು’ ಎಂದು ಪತ್ರಿಕೆಯಲ್ಲಿ ಬಂದದ್ದನ್ನು ಉತ್ತರಪತ್ರಿಕೆಗೆ ಇಳಿಸುವ ಮುನ್ನ ಈ ಲೆಕ್ಕ ನೆನಪಿರಲಿ.

ಹೆಸರು

ಒಂದೇ ಜಾಗಕ್ಕೆ ಎರಡು ಹೆಸರು. ಯಾವ ಹೆಸರು ಬಳಸಿದ್ದಾರೆ ಎಂಬುದರಿಂದಲೇ ಸುದ್ದಿ ಯಾರ ಪಡಸಾಲೆಯಿಂದ ಬಂತು ಎಂದು ತಿಳಿಯುತ್ತದೆ. ರಷ್ಯನ್ನರ ಇಟುರುಪ್ ಜಪಾನೀಯರಿಗೆ ಎಟೊರೊಫು, ಕುನಾಶಿರ್ ಕುನಾಶಿರಿ. ರಷ್ಯಾ ಈ ನಾಲ್ಕನ್ನೂ ಸೇರಿಸಿ ‘ದಕ್ಷಿಣ ಕುರಿಲ್’ ಎನ್ನುತ್ತದೆ, ಜಪಾನ್ ‘ಉತ್ತರದ ಪ್ರದೇಶಗಳು’ ಎನ್ನುತ್ತದೆ. ಜಪಾನ್ ಅಪ್ಪಿತಪ್ಪಿಯೂ ಅಧಿಕೃತವಾಗಿ ಇವನ್ನು ಕುರಿಲ್ ಎನ್ನುವುದಿಲ್ಲ. ಅದರ ವಾದವೆಲ್ಲ ನಿಂತಿರುವುದು ಈ ನಾಲ್ಕು ‘ಕುರಿಲ್’ನಲ್ಲಿ ಸೇರಿಲ್ಲ ಎಂಬುದರ ಮೇಲೆ. ಅಮೂರ್ ಚೀನಾಕ್ಕೆ ಹೆಯ್ಲೊಂಗ್, ದಮಾನ್ಸ್ಕಿ ದ್ವೀಪ ಝೆನ್‌ಬಾವ್, ಬೊಲ್ಶೊಯ್ ಉಸ್ಸುರೀಸ್ಕಿ ಹೆಯ್‌ಶಿಯಾಝಿ, ವ್ಲಾದಿವೊಸ್ತಾಕ್ ಹೈಷೆನ್‌ವಾಯ್. 2023ರಲ್ಲಿ ಚೀನಾ ತನ್ನ ನಕ್ಷೆಗಳಲ್ಲಿ ವ್ಲಾದಿವೊಸ್ತಾಕ್ ಸೇರಿ ಎಂಟು ಜಾಗಗಳಿಗೆ ಹಳೆಯ ಚೀನೀ ಹೆಸರನ್ನೂ ಹಾಕುವಂತೆ ನಿಯಮ ಮಾಡಿತು. ಹೆಸರು ಹಾಕಿದ್ದೇ ಹಕ್ಕು ಕೇಳಿದಂತಲ್ಲ. ಆದರೆ ಮರೆತಿಲ್ಲ ಎಂಬುದಂತೂ ಆಯಿತು.

ಎರಡನೇ ಸಂಜೆ: ಕಾಗದಪತ್ರ

ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಎಳೆಯಿರಿ: ಇಸವಿ, ಕಾಗದ, ಯಾವ ಗೆರೆ ಎಲ್ಲಿಗೆ ಸರಿಯಿತು, ಆಗ ಕೈ ಸೋತವರು ಯಾರು. ನಾಲ್ಕನೆಯದನ್ನು ಬಿಟ್ಟರೆ ಉಳಿದದ್ದು ಬರೀ ಇಸವಿ ಪಟ್ಟಿ. ರಷ್ಯಾದ ಪೂರ್ವದ ಗೆರೆಗಳು ಸರಿದದ್ದೆಲ್ಲ ಒಂದಲ್ಲ ಒಂದು ಕಡೆಯವರು ಬೇರೆಲ್ಲೋ ಸಿಕ್ಕಿಬಿದ್ದಿದ್ದಾಗ.

ಚೀನಾದ ಸಾಲು 1689ರ ನೆರ್ಚಿನ್ಸ್ಕ್‌ನಿಂದ ಶುರು. ಆಗ ಕ್ವಿಂಗ್ ಚೀನಾ ಬಲವಾಗಿತ್ತು. ರಷ್ಯಾ ಅಮೂರ್ ಕಣಿವೆಯಿಂದ ಹಿಂದೆ ಸರಿಯಿತು. 1858ರಲ್ಲಿ ಚೀನಾ ಎರಡನೇ ಅಫೀಮು ಯುದ್ಧದಲ್ಲಿ ಸಿಕ್ಕಿಕೊಂಡಿದ್ದಾಗ ಐಗುನ್ ಒಡಂಬಡಿಕೆಯಿಂದ ಅಮೂರಿನ ಎಡದಂಡೆ ರಷ್ಯಾಕ್ಕೆ ಬಂತು; 1860ರ ಪೀಕಿಂಗ್ ಒಡಂಬಡಿಕೆಯಿಂದ ಉಸ್ಸುರಿಯ ಪೂರ್ವದ ಕರಾವಳಿಯೂ ಬಂತು. ವ್ಲಾದಿವೊಸ್ತಾಕ್ ಹುಟ್ಟಿದ್ದು ಅದೇ ವರ್ಷ. ಚೀನಾ ಇವನ್ನು ಇಂದಿಗೂ ‘ಅಸಮಾನ ಒಡಂಬಡಿಕೆ’ ಎನ್ನುತ್ತದೆ, ಆದರೆ ಗಡಿ ಮಾತುಕತೆಗೆ ಆಧಾರವೆಂದು ಒಪ್ಪಿಕೊಂಡದ್ದೂ ಇವನ್ನೇ. ಈ ಎರಡು ಮಾತನ್ನು ಒಟ್ಟಿಗೆ ಹಿಡಿಯಲಾರದೆ ಬಹಳ ಜನ ತಪ್ಪುತ್ತಾರೆ.

ಜಪಾನಿನ ಸಾಲು ಶಿಮೊದಾದಿಂದ, 1855. ಇಟುರುಪ್‌ಗೂ ಅದರಾಚೆಯ ಉರುಪ್‌ಗೂ ನಡುವೆ ಗಡಿ, ಸಖಾಲಿನ್ ಇಬ್ಬರಿಗೂ. 1875ರಲ್ಲಿ ಅದಲುಬದಲು: ಸಖಾಲಿನ್ ಪೂರ್ತಿ ರಷ್ಯಾಕ್ಕೆ, ಕುರಿಲ್ ಸಾಲು ಪೂರ್ತಿ ಜಪಾನಿಗೆ. 1905ರಲ್ಲಿ ಯುದ್ಧದಲ್ಲಿ ಸೋತ ರಷ್ಯಾ ಪೋರ್ಟ್ಸ್‌ಮತ್ ಒಡಂಬಡಿಕೆಯಲ್ಲಿ ಸಖಾಲಿನ್ನಿನ ದಕ್ಷಿಣಾರ್ಧ ಬಿಟ್ಟಿತು. ಅಲ್ಲಿ ಜಪಾನ್ ಹಾಕಿದ 1,067 ಮಿ.ಮೀ. ರೈಲುಹಳಿ ಇತ್ತೀಚಿನವರೆಗೂ ಇತ್ತು. ರಷ್ಯಾದ 1,520 ಮಿ.ಮೀ.ಗೆ ಪೂರ್ತಿ ಬದಲಾಗಲು 1945ರ ಮೇಲೂ ಮುಕ್ಕಾಲು ಶತಮಾನದಷ್ಟು ಹಿಡಿಯಿತು. 1945ರ ಆಗಸ್ಟ್ 8ರಂದು ಸೋವಿಯತ್ ಒಕ್ಕೂಟ ಜಪಾನಿನ ಮೇಲೆ ಯುದ್ಧ ಸಾರಿತು, 18ಕ್ಕೆ ಕುರಿಲ್ಲಿನ ತುದಿಯ ಶುಮ್ಶುಗೆ ಇಳಿಯಿತು, ಸೆಪ್ಟೆಂಬರ್ 5ರ ಹೊತ್ತಿಗೆ ಹಬೊಮಾಯ್ ಕೂಡ ಕೈಸೇರಿತು. ಅಲ್ಲಿದ್ದ ಸುಮಾರು 17,000 ಜಪಾನೀಯರನ್ನು ಮುಂದಿನ ವರ್ಷಗಳಲ್ಲಿ ಹೊರಕಳಿಸಲಾಯಿತು. ಇಬ್ಬರಿಗಿಂತಲೂ ಮೊದಲು ಆ ನೆಲದಲ್ಲಿದ್ದವರು ಐನು ಜನ. ಮೇಲಿನ ಯಾವ ಕಾಗದದಲ್ಲೂ ಅವರ ಸಹಿ ಇಲ್ಲ.

ತಾರೀಕಿನ ವಿಷಯದಲ್ಲಿ ಒಂದು ಎಚ್ಚರಿಕೆ. 1918ಕ್ಕೆ ಮುಂಚೆ ರಷ್ಯಾ ಹಳೆಯ ಪಂಚಾಂಗ ಬಳಸುತ್ತಿತ್ತು. 19ನೇ ಶತಮಾನದಲ್ಲಿ 12 ದಿನದ ಅಂತರ. ಶಿಮೊದಾ ಒಂದು ಪುಸ್ತಕದಲ್ಲಿ 1855ರ ಜನವರಿ 26, ಇನ್ನೊಂದರಲ್ಲಿ ಫೆಬ್ರವರಿ 7 ಎಂದಿದ್ದರೆ ಎರಡೂ ಒಂದೇ. ಜಪಾನ್ ಪ್ರತಿವರ್ಷ ‘ಉತ್ತರದ ಪ್ರದೇಶಗಳ ದಿನ’ ಆಚರಿಸುವುದು ಫೆಬ್ರವರಿ 7ರಂದು. ತಿದ್ದಲು ಹೋಗಿ ಸರಿಯಿದ್ದದ್ದನ್ನು ತಪ್ಪು ಮಾಡಬೇಡಿ.

ಚೀನಾದ ಗಡಿಗೆ ಕಲ್ಲು ನೆಟ್ಟದ್ದು ಹೇಗೆ

ಅಘನಾಶಿನಿಯ ಐಗಳಕುರ್ವೆ, ಮಾಸೂರುಕುರ್ವೆ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಹೊಳೆಯ ನಡುವೆ ಕುರ್ವೆ, ಅಂದರೆ ನದಿಯ ದ್ವೀಪ, ಇದ್ದಾಗ ನೀರು ಎರಡು ಕವಲಾಗುತ್ತದೆ. ಒಂದರಲ್ಲಿ ದೋಣಿ ಸಲೀಸಾಗಿ ಓಡುತ್ತದೆ, ಇನ್ನೊಂದರಲ್ಲಿ ಇಳಿತದ ಹೊತ್ತಿಗೆ ತಳ ತಾಗುತ್ತದೆ. ‘ಹೊಳೆಯೇ ಗಡಿ’ ಎಂದು ಕಾಗದದಲ್ಲಿ ಬರೆದುಬಿಟ್ಟರೆ ಕುರ್ವೆ ಯಾರದ್ದು? ಅಂತರರಾಷ್ಟ್ರೀಯ ರೂಢಿಯಲ್ಲಿ ಗಡಿ ಹಾಯುವುದು ದೋಣಿ ಓಡುವ ಆಳದ ಧಾರೆಯ ಮೇಲೆ. ಸೋವಿಯತ್ ಕಡೆಯವರು ಮಾತ್ರ 1860ರ ಒಡಂಬಡಿಕೆಯ ನಕ್ಷೆಯ ಕೆಂಪು ಗೆರೆ ತೋರಿಸಿ, ಗಡಿ ಚೀನಾದ ದಂಡೆಯ ಮೇಲೇ ಇದೆ, ನದಿಯ ದ್ವೀಪಗಳೆಲ್ಲ ನಮ್ಮವು ಎನ್ನುತ್ತಿದ್ದರು. ಉಸ್ಸುರಿಯ ದಮಾನ್ಸ್ಕಿ ಒಂದು ಚದರ ಕಿಲೋಮೀಟರೂ ಇಲ್ಲದ ಕುರ್ವೆ. ಇದ್ದದ್ದು ಧಾರೆಯ ಚೀನೀ ಬದಿಗೆ. 1969ರ ಮಾರ್ಚ್ 2ರಂದು ಅಲ್ಲೇ ಗುಂಡು ಹಾರಿತು. ಎರಡೂ ಅಣ್ವಸ್ತ್ರ ರಾಷ್ಟ್ರಗಳು, ಎರಡೂ ಕಮ್ಯುನಿಸ್ಟ್ ಸರ್ಕಾರಗಳು. 1950ರಲ್ಲಿ 30 ವರ್ಷಕ್ಕೆಂದು ಮಾಡಿಕೊಂಡ ಮೈತ್ರಿ ಕಾಗದದ ಮೇಲೆ ಇನ್ನೂ ಚಾಲ್ತಿಯಲ್ಲಿತ್ತು. ‘ಸಿದ್ಧಾಂತ ಒಂದೇ ಆದ್ದರಿಂದ ಸ್ನೇಹ’ ಎಂದು ಬರೆಯುವವರು ಈ ಇಸವಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ತಿರುವು ಬಂದದ್ದು 1986ರಲ್ಲಿ. ಗೊರ್ಬಚೆವ್ ವ್ಲಾದಿವೊಸ್ತಾಕ್ ಭಾಷಣದಲ್ಲಿ ಗಡಿ ಮುಖ್ಯ ಧಾರೆಯ ಮೇಲೆ ಹಾಯಬಹುದು ಎಂದು ಒಪ್ಪಿದರು. 1991ರ ಮೇ 16ರಂದು ಪೂರ್ವ ಭಾಗದ ಒಪ್ಪಂದ, 1994ರಲ್ಲಿ ಪಶ್ಚಿಮದ ಚಿಕ್ಕ ತುಂಡು, ಉಳಿದ ದ್ವೀಪಗಳಿಗೆ 2004ರ ಅಕ್ಟೋಬರ್‌ನಲ್ಲಿ ಪೂರಕ ಒಪ್ಪಂದ, 2008ರ ಅಕ್ಟೋಬರ್ 14ರಂದು ಹಸ್ತಾಂತರ. ಸುಮಾರು 4,200 ಕಿ.ಮೀ. ಗಡಿಗೆ ಹದ್ದುಬಸ್ತು ಆಗಲು 22 ವರ್ಷ ಹಿಡಿಯಿತು.

ಕೊನೆಯ ತುಂಡನ್ನು ಹತ್ತಿರದಿಂದ ನೋಡಿ. ಖಬರೋವ್ಸ್ಕ್ ನಗರದ ಎದುರಿಗೇ ಅಮೂರ್ ಮತ್ತು ಉಸ್ಸುರಿ ಕೂಡುವಲ್ಲಿ ಬೊಲ್ಶೊಯ್ ಉಸ್ಸುರೀಸ್ಕಿ ದ್ವೀಪ. ಮುಖ್ಯ ಧಾರೆಯ ನಿಯಮವನ್ನು ಕಟ್ಟುನಿಟ್ಟಾಗಿ ಹಚ್ಚಿದ್ದರೆ ಇಡೀ ದ್ವೀಪ ಚೀನಾಕ್ಕೆ ಹೋಗಿ, ಖಬರೋವ್ಸ್ಕ್‌ನ ಕಿಟಕಿ ತೆರೆದರೆ ಚೀನಾ ಕಾಣುತ್ತಿತ್ತು. ರಷ್ಯಾ ಅದಕ್ಕೆ ಒಪ್ಪಲಿಲ್ಲ. ಕಡೆಗೆ ಪಕ್ಕದ ತರಬಾರೊವ್ ದ್ವೀಪ ಪೂರ್ತಿ, ಬೊಲ್ಶೊಯ್‌ನ ಪಶ್ಚಿಮಾರ್ಧ ಚೀನಾಕ್ಕೆ. ನಗರಕ್ಕೆ ಹತ್ತಿರದ ಪೂರ್ವಾರ್ಧ ರಷ್ಯಾಕ್ಕೆ. ನಿಯಮ ಒಂದು, ರಾಜಿ ಇನ್ನೊಂದು. ಎರಡನೇ ಹಾಳೆಯ ಉಳಿದರ್ಧದಲ್ಲಿ ಈ ಜಾಗದ ಚಿತ್ರ ಬರೆದು, ಚೀನಾದ ಭಾಗ ಕೆಂಪು, ರಷ್ಯಾದ್ದು ನೀಲಿ ಮಾಡಿ. 2023ರ ಆಗಸ್ಟ್‌ನಲ್ಲಿ ಚೀನಾ ಹೊರಡಿಸಿದ ನಕ್ಷೆ ಈ ದ್ವೀಪವನ್ನು ಪೂರ್ತಿ ತನ್ನದೆಂದು ತೋರಿಸಿತು. ಅರುಣಾಚಲ, ಅಕ್ಸಾಯ್ ಚಿನ್‌ಗಳನ್ನು ಸೇರಿಸಿಕೊಂಡದ್ದೂ ಅದೇ ನಕ್ಷೆ. ಭಾರತ ಪ್ರತಿಭಟಿಸಿತು, ರಷ್ಯಾ ‘ನಮ್ಮ ನಡುವೆ ಗಡಿ ವಿವಾದವೇ ಇಲ್ಲ’ ಎಂದು ಸುಮ್ಮನಾಯಿತು. ನಕ್ಷೆ ಒಂದೇ, ಇಬ್ಬರ ಪ್ರತಿಕ್ರಿಯೆ ಬೇರೆ ಬೇರೆ. ಇದಕ್ಕಿಂತ ಒಳ್ಳೆಯ ಉದಾಹರಣೆ ಉತ್ತರಪತ್ರಿಕೆಗೆ ಸಿಗಲಾರದು.

ಜಪಾನಿನ ಗಡಿ ಯಾಕೆ ಹಾಗೇ ಉಳಿಯಿತು

ಮೊದಲು ಒಂದು ತಪ್ಪು ತರ್ಕ ತೆಗೆದುಹಾಕಿ: ‘ದ್ವೀಪ ಜಪಾನಿಗೆ ಹತ್ತಿರ, ಹಾಗಾಗಿ ಜಪಾನಿನದ್ದು.’ ಕಾರವಾರದವರು ಇದನ್ನು ನಂಬಬಾರದು. ಅಂಜದೀವ್ ದ್ವೀಪ ಬಿಣಗಾದ ಕಣ್ಣಳತೆಯಲ್ಲಿದೆ, ಈಗ ನೌಕಾನೆಲೆಯ ಅಲೆತಡೆಗೋಡೆಗೆ ಸೇರಿಕೊಂಡಿದೆ. ಆದರೂ ಆಡಳಿತದಲ್ಲಿ ಗೋವಾದ್ದು. 1961ರ ಡಿಸೆಂಬರ್‌ವರೆಗೆ ಅಲ್ಲಿ ಪೋರ್ಚುಗೀಸರಿದ್ದರು ಎಂಬ ಒಂದೇ ಕಾರಣಕ್ಕೆ. ದ್ವೀಪ ಯಾರದ್ದೆಂದು ಕಾಗದ ಮತ್ತು ಸ್ವಾಧೀನ ಹೇಳುತ್ತವೆ, ದೂರ ಹೇಳುವುದಿಲ್ಲ.

ಮೂರು ಕಾಗದಗಳನ್ನು ಸಾಲಾಗಿಟ್ಟು ಶಬ್ದ ಶಬ್ದ ಓದಿ. 1945ರ ಫೆಬ್ರವರಿಯಲ್ಲಿ ಅಮೆರಿಕ, ಬ್ರಿಟನ್, ಸೋವಿಯತ್ ಮಾಡಿಕೊಂಡ ಯಾಲ್ಟಾ ಒಪ್ಪಂದ: ದಕ್ಷಿಣ ಸಖಾಲಿನ್ ಸೋವಿಯತ್ತಿಗೆ ‘ಮರಳಬೇಕು’, ಕುರಿಲ್ ದ್ವೀಪಗಳನ್ನು ‘ಒಪ್ಪಿಸಬೇಕು’. ಕ್ರಿಯಾಪದ ಬೇರೆ ಬೇರೆ, ಯಾಕೆಂದರೆ ಕುರಿಲ್ಲನ್ನು ಜಪಾನ್ ಯುದ್ಧದಲ್ಲಿ ಕಿತ್ತುಕೊಂಡಿರಲಿಲ್ಲ. ಜಪಾನ್ ಈ ಕಾಗದಕ್ಕೆ ಕಕ್ಷಿಯೇ ಅಲ್ಲ. ಎರಡನೆಯದು 1951ರ ಸ್ಯಾನ್ ಫ್ರಾನ್ಸಿಸ್ಕೊ ಒಡಂಬಡಿಕೆ: ಜಪಾನ್ ಕುರಿಲ್ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿತು, ಆದರೆ ಯಾರಿಗೆ ಎಂದು ಬರೆದಿಲ್ಲ. ಸೋವಿಯತ್ ಇದಕ್ಕೆ ಸಹಿ ಹಾಕಲಿಲ್ಲ. ಮೇಲಾಗಿ ‘ಕುರಿಲ್’ ಎಂದರೆ ಯಾವ ಯಾವ ದ್ವೀಪ ಎಂಬ ವಿವರವೂ ಅಲ್ಲಿಲ್ಲ. ಚಕ್ಕುಬಂದಿ ಬರೆಯದ ಹಕ್ಕು ಬಿಡುಗಡೆ ಪತ್ರದ ಗತಿ ಇದು. ಜಪಾನಿನ ವಾದದಲ್ಲೂ ತೂತು ಉಂಟು: 1951ರ ಅಕ್ಟೋಬರಿನಲ್ಲಿ ಅಲ್ಲಿನ ವಿದೇಶಾಂಗ ಅಧಿಕಾರಿಯೊಬ್ಬರು ಸಂಸತ್ತಿನಲ್ಲೇ, ಕುನಾಶಿರಿ, ಎಟೊರೊಫು ಎರಡೂ ಕುರಿಲ್ಲಿನಲ್ಲಿ ಸೇರುತ್ತವೆ ಎಂದಿದ್ದರು. ಸರ್ಕಾರ ಆ ನಿಲುವನ್ನು ಬಿಟ್ಟದ್ದು 1956ರಲ್ಲಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, 1956ರ ಅಕ್ಟೋಬರ್ 19ರ ಜಂಟಿ ಘೋಷಣೆ. ಯುದ್ಧಸ್ಥಿತಿ ಮುಗಿಯಿತು, ರಾಯಭಾರ ಶುರುವಾಯಿತು. ಶಾಂತಿ ಒಪ್ಪಂದ ಆದ ಮೇಲೆ ಶಿಕೊತಾನ್, ಹಬೊಮಾಯ್ ಎರಡನ್ನು ಜಪಾನಿಗೆ ಕೊಡುತ್ತೇವೆ ಎಂದು ಸೋವಿಯತ್ ಬರೆದುಕೊಟ್ಟಿತು. ಮೊದಲ ಸಂಜೆ ಬರೆದಿಟ್ಟ ಅಳತೆ ಈಗ ತೆಗೆಯಿರಿ: ಈ ಎರಡೂ ಸೇರಿ ಒಟ್ಟು ಜಾಗದ ಶೇ. 7. ಜಪಾನ್ ನಾಲ್ಕೂ ಬೇಕೆಂದಿತು. 1960ರಲ್ಲಿ ಜಪಾನ್–ಅಮೆರಿಕ ಭದ್ರತಾ ಒಪ್ಪಂದ ಹೊಸದಾದಾಗ, ವಿದೇಶಿ ಸೇನೆ ಜಪಾನಿನಿಂದ ಹೊರಟ ಮೇಲೆಯೇ ಆ ಎರಡನ್ನೂ ಕೊಡುವುದು ಎಂದು ಸೋವಿಯತ್ ಹೊಸ ಷರತ್ತು ಸೇರಿಸಿತು. ಅಲ್ಲಿಂದೀಚೆಗೆ 1993ರ ಟೋಕಿಯೊ ಘೋಷಣೆ, 2001ರ ಇರ್ಕುತ್ಸ್ಕ್, 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ಪುತಿನ್–ಅಬೆ ಮಾತು, ಎಲ್ಲವೂ ಸುತ್ತಿ ಸುತ್ತಿ ಬಂದು ನಿಂತದ್ದು 1956ರ ಕಾಗದಕ್ಕೇ.

ಕೊಡದಿರಲು ಕಾಗದದಾಚೆಯ ಕಾರಣವನ್ನು ಎರಡನೇ ಹಾಳೆಯ ಮೇಲೆ ಬೆರಳಿಟ್ಟು ತೋರಿಸಬಹುದು. ಕುನಾಶಿರ್ ಮತ್ತು ಇಟುರುಪ್ ನಡುವೆ ಆಳವಾದ ಜಲಸಂಧಿ ಇದೆ. ಚಳಿಗಾಲದಲ್ಲಿ ಒಖೋತ್ಸ್ಕ್ ಸಮುದ್ರ ಹೆಪ್ಪುಗಟ್ಟುವಾಗಲೂ ಈ ಕಡೆಯ ದಾರಿ ಹಡಗಿಗೆ ಸಿಗುತ್ತದೆ. ಒಖೋತ್ಸ್ಕ್ ಸಮುದ್ರ ರಷ್ಯಾದ ಅಣ್ವಸ್ತ್ರ ಜಲಾಂತರ್ಗಾಮಿಗಳ ಅಡಗುತಾಣ. ಕುರಿಲ್ ಸಾಲು ಅದರ ಬೇಲಿ. ಬೇಲಿಯಲ್ಲಿ ತಟ್ಟಿ ಇರುವ ಜಾಗವನ್ನೇ ಅಮೆರಿಕದ ಮಿತ್ರನಿಗೆ ಕೊಡಿ ಎಂದರೆ ಮಾಸ್ಕೋ ಕೇಳುವ ಮೊದಲ ಪ್ರಶ್ನೆ, ನಾಳೆ ಅಲ್ಲಿ ಯಾರ ಕ್ಷಿಪಣಿ ಬರುತ್ತದೆ ಎಂಬುದು. ಅಮೂರಿನ ಕುರ್ವೆಗಳಲ್ಲಿ ಈ ಭಯ ಇರಲಿಲ್ಲ. ಅಲ್ಲಿದ್ದದ್ದು 4,200 ಕಿ.ಮೀ. ಉದ್ದಕ್ಕೂ ಸೈನ್ಯ ಸಾಕುವ ಖರ್ಚು. ಒಂದೂವರೆ ದ್ವೀಪ ಕೊಟ್ಟು ಅದನ್ನು ಇಳಿಸಿಕೊಂಡರು.

2020ರ ತಿದ್ದುಪಡಿಯಿಂದ ರಷ್ಯಾದ ಸಂವಿಧಾನ ನೆಲ ಪರಭಾರೆ ಮಾಡುವುದನ್ನು ನಿಷೇಧಿಸುತ್ತದೆ. ಆದರೆ ನೆರೆರಾಷ್ಟ್ರದೊಂದಿಗಿನ ಗಡಿ ನಿರ್ಣಯ, ಗಡಿ ಗುರುತಿಗೆ ಅದೇ ವಾಕ್ಯದಲ್ಲಿ ವಿನಾಯಿತಿ ಇದೆ. ‘ಇನ್ನು ಬಾಗಿಲೇ ಮುಚ್ಚಿತು’ ಎಂದು ಬರೆದರೆ ಅರ್ಧ ತಪ್ಪು. ಕಾನೂನಿನಲ್ಲಿ ಕಿಂಡಿ ಇದೆ, ಮನಸ್ಸಿನಲ್ಲಿ ಇಲ್ಲ.

ಮೂರನೇ ಸಂಜೆ: ಕೊಳವೆ, ಹಡಗು, ಮೀನು

ದೊಡ್ಡ ನಕ್ಷೆಗೆ ಹಸಿರು ಗೆರೆಗಳು. ಸ್ಕೊವೊರೊದಿನೊದಿಂದ ಚೀನಾದ ದಾಚಿಂಗ್‌ಗೆ ತೈಲ ಕೊಳವೆ, 2011ರಿಂದ. ಅದೇ ಮುಖ್ಯ ಮಾರ್ಗದ ಇನ್ನೊಂದು ತುದಿ ನಖೋದ್ಕಾ ಹತ್ತಿರದ ಕೊಜ್ಮಿನೊ ಬಂದರು. ಅಲ್ಲಿಂದ ಹಡಗು ಯಾರ ಮನೆಗೂ ಹೋಗಬಹುದು. ‘ಸೈಬೀರಿಯಾದ ಶಕ್ತಿ’ ಅನಿಲ ಕೊಳವೆಗೆ 2014ರ ಮೇನಲ್ಲಿ 30 ವರ್ಷದ ಕರಾರು, 2019ರ ಡಿಸೆಂಬರ್ 2ರಂದು ಅನಿಲ ಹರಿಯಿತು, ಸಾಮರ್ಥ್ಯ ವರ್ಷಕ್ಕೆ 38 ಶತಕೋಟಿ ಘನಮೀಟರ್. ಕೊಳವೆಗೆ ಒಬ್ಬನೇ ಗಿರಾಕಿ. ಕರಾರು ಆದದ್ದು ರಷ್ಯಾ ಉಕ್ರೇನಿನ ಕ್ರಿಮಿಯಾವನ್ನು ವಶಪಡಿಸಿಕೊಂಡ ಎರಡು ತಿಂಗಳಲ್ಲಿ ಎಂಬುದನ್ನು ನಾಲ್ಕನೇ ಕಲಂನಲ್ಲಿ ಬರೆಯಿರಿ.

ವ್ಯಾಪಾರದ ಅಂಕಿ ಬರೆಯುವಾಗ ಎರಡೂ ಕಡೆಯ ಪಾಲು ಬರೆಯಿರಿ. 2023ರಲ್ಲಿ ರಷ್ಯಾ–ಚೀನಾ ವ್ಯಾಪಾರ ಸುಮಾರು 240 ಶತಕೋಟಿ ಡಾಲರ್. ರಷ್ಯಾಕ್ಕೆ ಚೀನಾ ಅತಿ ದೊಡ್ಡ ಗಿರಾಕಿ. ಚೀನಾದ ಒಟ್ಟು ವ್ಯಾಪಾರದಲ್ಲಿ ರಷ್ಯಾದ ಪಾಲು ಶೇ. 4ರ ಆಸುಪಾಸು. ಅಡಿಕೆ ಮಾರುವವನಿಗೆ ಊರಲ್ಲಿ ಒಂದೇ ದಲ್ಲಾಳಿ, ದಲ್ಲಾಳಿಗೆ ನೂರು ತೋಟ ಎಂಬಂಥ ಸಂಬಂಧ. ಅಮೂರ್ ಮೇಲೆ ರಸ್ತೆ ಸೇತುವೆ (ಬ್ಲಾಗೊವೆಶ್ಚೆನ್ಸ್ಕ್–ಹೆಯ್ಹೆ) ಮತ್ತು ರೈಲು ಸೇತುವೆ (ನಿಜ್ನೆಲೆನಿನ್ಸ್ಕೊಯೆ–ತೊಂಗ್‌ಜಿಯಾಂಗ್) ತೆರೆದದ್ದು 2022ರಲ್ಲಷ್ಟೆ. ಚೀನಾದ ಹಳಿ 1,435 ಮಿ.ಮೀ., ರಷ್ಯಾದ್ದು 1,520. ಗಡಿಯಲ್ಲಿ ಸರಕು ಬದಲಾಯಿಸಬೇಕು, ಇಲ್ಲವೇ ಗಾಡಿಯ ಗಾಲಿ. ನಮ್ಮ ಕೊಂಕಣ ರೈಲಿನ ಹಳಿ 1,676, ಎರಡಕ್ಕೂ ಹೊಂದದು.

ಜಪಾನಿನ ಕಡೆ ಸಖಾಲಿನ್–2 ತೈಲ–ಅನಿಲ ಯೋಜನೆ ಒಂದನ್ನು ಚೆನ್ನಾಗಿ ಹಿಡಿದರೆ ಸಾಕು. ಮಿತ್ಸುಯಿ ಪಾಲು ಶೇ. 12.5, ಮಿತ್ಸುಬಿಶಿ ಶೇ. 10. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಶೆಲ್ ಹೊರಬಂತು. ರಷ್ಯಾ ಹೊಸ ಕಂಪನಿ ಮಾಡಿತು. ಜಪಾನಿನ ಎರಡೂ ಕಂಪನಿಗಳು ಉಳಿದವು. ದಿಗ್ಬಂಧನಕ್ಕೆ ಕೈಜೋಡಿಸಿದ ದೇಶವೇ ತಾನು ತರಿಸುವ ದ್ರವ ಅನಿಲದಲ್ಲಿ ಸುಮಾರು ಶೇ. 9ನ್ನು ರಷ್ಯಾದಿಂದ ತರಿಸುತ್ತಿತ್ತು. ಪಕ್ಕದ ಸಖಾಲಿನ್–1ರಲ್ಲಿ ನಮ್ಮ ಓ.ಎನ್.ಜಿ.ಸಿ. ವಿದೇಶ್‌ಗೂ ಶೇ. 20 ಪಾಲಿದೆ, ಭಾರತದ ದೃಷ್ಟಿ ಬರೆಯಿರಿ ಎಂದಾಗ ಇದನ್ನು ಮರೆಯುವವರು ಜಾಸ್ತಿ.

ಬೈತಖೋಲ್, ತದಡಿ ಧಕ್ಕೆಯವರಿಗೆ ಹೆಚ್ಚು ಅರ್ಥವಾಗುವುದು ಮೀನಿನ ಕಾಗದ. 1998ರ ಒಪ್ಪಂದದಂತೆ ಜಪಾನಿನ ದೋಣಿಗಳು ಹಣ ಕೊಟ್ಟು ಆ ನಾಲ್ಕು ದ್ವೀಪಗಳ ಸುತ್ತ ಮೀನು ಹಿಡಿಯಬಹುದಿತ್ತು. ಕಾಗದವನ್ನು ಬರೆದದ್ದು ಒಡೆತನದ ಬಗ್ಗೆ ಎರಡೂ ಕಡೆಯ ವಾದಕ್ಕೆ ಧಕ್ಕೆಯಾಗದ ಹಾಗೆ. 2022ರ ಜೂನಿನಲ್ಲಿ ರಷ್ಯಾ ಅದನ್ನು ತಡೆಹಿಡಿಯಿತು. ದೊಡ್ಡವರ ಸಿಟ್ಟು ಮೊದಲು ಇಳಿಯುವುದು ನೆಮುರೊದ ಮೀನುಗಾರನ ಬಲೆಯ ಮೇಲೆ.

ನಾಲ್ಕನೇ ಸಂಜೆ: ಸುದ್ದಿ ಓದುವುದು

ಮೊದಲು ಗಡಿಯಾರ. ನಮಗಿಂತ ಬೀಜಿಂಗ್ ಎರಡೂವರೆ ಗಂಟೆ ಮುಂದೆ, ಟೋಕಿಯೊ ಮೂರೂವರೆ, ವ್ಲಾದಿವೊಸ್ತಾಕ್ ನಾಲ್ಕೂವರೆ, ಕುನಾಶಿರ್ ಐದೂವರೆ. ಮಾಸ್ಕೋ ಎರಡೂವರೆ ಗಂಟೆ ಹಿಂದೆ. 16 ಕಿ.ಮೀ. ನೀರು ದಾಟಿದರೆ ಎರಡು ಗಂಟೆ ವ್ಯತ್ಯಾಸ. ‘ನಿನ್ನೆ’, ‘ಇಂದು’ ಎಂದು ಬರೆದ ಸುದ್ದಿಯ ತಾರೀಕು ಇದರಿಂದಲೇ ತಪ್ಪುವುದು.

ಆಮೇಲೆ ಕಾಗದದ ಜಾತಿ. ಒಡಂಬಡಿಕೆ, ಜಂಟಿ ಘೋಷಣೆ, ಜಂಟಿ ಹೇಳಿಕೆ, ತಿಳಿವಳಿಕೆ ಪತ್ರ, ವಕ್ತಾರರ ಮಾತು. ಈ ಕ್ರಮದಲ್ಲಿ ತೂಕ ಇಳಿಯುತ್ತದೆ. 2022ರ ಫೆಬ್ರವರಿ 4ರ ‘ಸ್ನೇಹಕ್ಕೆ ಮಿತಿಯಿಲ್ಲ’ ಎಂಬ ಮಾತು ಇದ್ದದ್ದು ಜಂಟಿ ಹೇಳಿಕೆಯಲ್ಲಿ. ಅವರಿಬ್ಬರ ನಡುವಿನ ಒಡಂಬಡಿಕೆ ಎಂದರೆ 2001ರ ಜುಲೈ 16ರದ್ದು. 2021ರಲ್ಲಿ ಅದನ್ನು ಐದು ವರ್ಷಕ್ಕೆ ವಿಸ್ತರಿಸಿದರು. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ಯುದ್ಧಕ್ಕೆ ಇಳಿಯಬೇಕು ಎಂಬ ಕಲಂ ಅದರಲ್ಲಿಲ್ಲ, 1950ರದ್ದರಲ್ಲಿ ಇತ್ತು. ‘ಮಿಲಿಟರಿ ಮೈತ್ರಿ’ ಎಂದು ಬರೆದರೆ ಅಂಕ ಹೋಗುವುದು ಇಲ್ಲೇ. ಚೀನಾ ಇನ್ನೂ ಕ್ರಿಮಿಯಾವನ್ನು ರಷ್ಯಾದ್ದೆಂದು ಮಾನ್ಯ ಮಾಡಿಲ್ಲ. 1964ರಲ್ಲಿ ಮಾವೋ ಕುರಿಲ್ ವಿಷಯದಲ್ಲಿ ಜಪಾನಿನ ಪರ ಮಾತಾಡಿದ್ದರು ಎಂಬುದನ್ನೂ ಅದರ ಪಕ್ಕ ಗುರುತು ಹಾಕಿ.

ಒಂದು ಸುದ್ದಿಯನ್ನು ತೆಗೆದುಕೊಂಡು ನೋಡಿ. 2022ರ ಮಾರ್ಚ್ 21: ರಷ್ಯಾ ಜಪಾನಿನೊಡನೆ ಶಾಂತಿ ಒಪ್ಪಂದದ ಮಾತುಕತೆ ನಿಲ್ಲಿಸಿತು. ಕಾಗದದ ಜಾತಿ? ವಿದೇಶಾಂಗ ಖಾತೆಯ ಹೇಳಿಕೆ. ಗೆರೆ ಸರಿಯಿತೇ? ಇಲ್ಲ. 1956ರ ಘೋಷಣೆ ರದ್ದಾಯಿತೇ? ಇಲ್ಲ. ಏನು ಹೋಯಿತು? ಮಾತುಕತೆ, ಸೆಪ್ಟೆಂಬರಿನಲ್ಲಿ ದ್ವೀಪದ ಹಳೆಯ ನಿವಾಸಿಗಳು ವೀಸಾ ಇಲ್ಲದೆ ಊರು ನೋಡಿಬರುವ ವ್ಯವಸ್ಥೆಯೂ ಹೋಯಿತು. ಸಖಾಲಿನ್–2? ನಡೆಯುತ್ತಲೇ ಇತ್ತು. ಐದು ಪ್ರಶ್ನೆಗೆ ಐದು ಉತ್ತರ ಬರೆದರೆ ಶೀರ್ಷಿಕೆಯ ಅಬ್ಬರ ತಾನಾಗಿ ಇಳಿಯುತ್ತದೆ.

ರಷ್ಯಾ–ಚೀನಾ ಜಂಟಿ ಬಾಂಬರ್ ಗಸ್ತಿನ ಸುದ್ದಿ ಬಂದಾಗ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗಿ ಬನ್ನಿ. ಸೋವಿಯತ್ ನಿರ್ಮಿತ ಚಪಲ್ ಯುದ್ಧನೌಕೆಯ ಪಕ್ಕ ನಿಂತಿರುವ ತುಪೊಲೆವ್–142 ವಿಮಾನದ ಪ್ರೊಪೆಲ್ಲರ್ ಎಣಿಸಿ: ನಾಲ್ಕು ಎಂಜಿನ್, ಪ್ರತಿಯೊಂದಕ್ಕೂ ಎದುರುಬದುರು ತಿರುಗುವ ಜೋಡಿ, ಒಟ್ಟು ಎಂಟು. ಇದು ತುಪೊಲೆವ್–95ರ ದಾಯಾದಿ. 2019ರ ಜುಲೈನಿಂದ ಚೀನಾದ ಎಚ್–6 ವಿಮಾನಗಳ ಜೊತೆ ಜಪಾನ್ ಸಮುದ್ರದ ಮೇಲೆ ಹಾರುತ್ತಿರುವುದು ಆ ತುಪೊಲೆವ್–95ರ ಇಂದಿನ ಮಾದರಿ. 2022ರ ಮೇ 24ರಂದು ಟೋಕಿಯೊದಲ್ಲಿ ಕ್ವಾಡ್ (ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಭಾರತದ ಕೂಟ) ಸಭೆ ನಡೆಯುತ್ತಿದ್ದ ದಿನವೇ ಹಾರಿದವು. ಆ ಸಭೆಯಲ್ಲಿ ಭಾರತವೂ ಇತ್ತು.

250 ಶಬ್ದದ ಉತ್ತರಕ್ಕೆ ಇವೆಲ್ಲ ಹಿಡಿಯುವುದಿಲ್ಲ. ಮೊದಲ 60 ಶಬ್ದ ಎರಡು ಗಡಿಗಳ ಸ್ಥಿತಿಗೆ, 100 ಶಬ್ದ 2004–08 ಮತ್ತು 1956ರ ಹೋಲಿಕೆಗೆ, 50 ತೈಲ–ಅನಿಲಕ್ಕೆ, ಉಳಿದದ್ದು ಭಾರತಕ್ಕೆ. ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ನಕ್ಷೆ ಬರೆದು ಅಮೂರ್, ಉಸ್ಸುರಿ, 50 ಡಿಗ್ರಿ ಗೆರೆ, ನಾಲ್ಕು ದ್ವೀಪ ತೋರಿಸಿ. ಎರಡು ನಿಮಿಷಕ್ಕಿಂತ ಹೆಚ್ಚು ಅದಕ್ಕೆ ಕೊಡಬೇಡಿ.

ಗೋಡೆಯ ನಕ್ಷೆಯನ್ನು ತಿಂಗಳಿಗೊಮ್ಮೆ ತಿದ್ದುತ್ತಿರಿ. ಸಹಿಯಾಗಿ ಅನುಮೋದನೆಯಾದದ್ದಕ್ಕೆ ಶಾಯಿ, ಮಿಕ್ಕಿದ್ದಕ್ಕೆಲ್ಲ ಪೆನ್ಸಿಲ್. ಮಂಗೋಲಿಯಾ ಮೂಲಕ ಹೋಗಬೇಕಾದ ಎರಡನೇ ‘ಸೈಬೀರಿಯಾದ ಶಕ್ತಿ’ ಕೊಳವೆಗೆ, ವರ್ಷಕ್ಕೆ 50 ಶತಕೋಟಿ ಘನಮೀಟರ್‌ನದ್ದು, 2025ರ ಸೆಪ್ಟೆಂಬರಿನಲ್ಲಿ ತಿಳಿವಳಿಕೆ ಪತ್ರಕ್ಕೆ ಸಹಿ ಬಿತ್ತು. ಆದರೆ ಅನಿಲದ ದರ ಅದರಲ್ಲಿ ನಿಶ್ಚಯವಾಗಲಿಲ್ಲ. ಆ ಗೆರೆಯನ್ನು ಪೆನ್ಸಿಲಿನಲ್ಲೇ, ಚುಕ್ಕೆ ಚುಕ್ಕೆಯಾಗಿ ಎಳೆಯಿರಿ.